ಹೊಗೆಗೆ ಕಟ್ಟಿದ ಮೊಟ್ಟೆಗಳು

ನಮ್ಮ ಎಜಮಾನರು ಕಬ್ಬಿನ ಹೊಲದಲ್ಲಿ ಬಿದ್ದದ್ದನ್ನು ಕಣ್ಣಾರೆ ಕಂಡವಳು ನಾನು. ತೊಂಬತ್ತರ ದಶಕದ ನಡುವಿನ ಮಾತು. ಹುಳಕ್ಕೆ ಔಷಧಿ ಹೊಡೆಯುತ್ತಿದ್ದವರು ಬೆನ್ನಿಗೆ ಕಟ್ಟಿದ ಪಂಪಿನ ಸಮೇತ ಕುಸಿದರು. ಬಾಯಲ್ಲಿ ನೊರೆ. ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಶಿಕಾರಿಪುರದ ಆಸ್ಪತ್ರೆಗೆ ಓಡಿದೆವು. ಬದುಕಿದರು. "ಇನ್ನೊಂದ್ಸಲ ಈ ವಿಷ ಮೈಗೆ ತಾಗಿದ್ರೆ ನನ್ ಕೈಯಾಗೂ ಆಗಲ್ಲ ಕಣಮ್ಮ" ಎಂದರು ಡಾಕ್ಟರು. ಮಾವನವರು ಮಾತ್ರ ಬಿಸಿಲಿಗೆ ತಲೆ ತಿರುಗಿತ್ತು ಅಷ್ಟೇ ಎನ್ನುತ್ತಿದ್ದರು.

ಮರುವರ್ಷ ಅಂಜನಾಪುರದ ಕಾಲುವೆ ನೀರು ಕುಡಿದು ಕಬ್ಬು ಮೊಣಕಾಲೆತ್ತರ ಬಂದಿತ್ತು. ಅಷ್ಟರಲ್ಲಿ ಸುಳಿ ಒಣಗತೊಡಗಿತು. ಒಣಗಿದ್ದನ್ನು ಹಿಡಿದೆಳೆದರೆ ಸಲೀಸಾಗಿ ಕಿತ್ತು ಬರುತ್ತಿತ್ತು, ಬುಡದಲ್ಲಿ ಕೊಳೆತ ನಾತ. ಕಾಂಡ ಕೊರೆಯುವ ಹುಳ! ಮಾವನವರು ಔಷಧಿ ಎಂದರು. ಆಳಿನ ಕೈಲಿ ಹೊಡೆಸೋಣ ಎಂದು ನಾನು ಗೋಗರೆದೆ. "ನಾನು ಸಾಯೋ ಕೆಲಸಕ್ಕ ಇನ್ನೊಬ್ಬರ ಮಗನ್ನ ಕಳಿಸ್ಲೇನು?" ಎಂದರು ಎಜಮಾನರು. ಹಟಮಾರಿ ಮನುಷ್ಯ.

ಆದರೂ ನನ್ನ ಸಲುವಾಗಿ ಕೃಷಿ ಆಫೀಸಿನಿಂದ ಒಂದು ಕಾರ್ಡು ತಂದರು. ಅದರ ಮೇಲೆ ಗಸಗಸೆಗಿಂತ ಸಣ್ಣ ಕರಿ ಮೊಟ್ಟೆಗಳನ್ನು ಅಂಟಿಸಿದ್ದರು. ಒಳಗೆ ಕಣ್ಣಿಗೂ ಕಾಣದಷ್ಟು ಪುಟ್ಟ ಕಣಜದ ಹುಳುಗಳು ಇರುತ್ತವಂತೆ. ಹೊರಬಂದು, ಕೊರೆಯುವ ಹುಳದ ಮೊಟ್ಟೆಯೊಳಗೆ ತಮ್ಮ ಮೊಟ್ಟೆ ಇಟ್ಟು ಅದನ್ನು ಹುಟ್ಟುವ ಮೊದಲೇ ಮುಗಿಸುತ್ತವಂತೆ. ಅವು ಗೆದ್ದರೆ ಪಂಪು ಮುಟ್ಟಬೇಕಾಗಿಯೇ ಇಲ್ಲ. "ಎರಡು ದಿನ ಬಿಟ್ಟು ಎಲೆಗೆ ಕಟ್ಟಬೇಕು, ಜೋಪಾನಾಗಿ ಇಡು" ಎಂದು ಹೇಳಿ ಅವರು ಸೊರಬದ ಕಡೆ ತಂಗಿಯ ಊರಿಗೆ ಹೋದರು.

ನಮ್ಮಲ್ಲಿ ಹೀರೆ, ಸೌತೆ, ಅವರೆ, ಯಾವ ಬೀಜವೇ ಇರಲಿ, ಹೊಲಕ್ಕೆ ಹೋಗುವ ತನಕ ಒಲೆಯ ಮೇಲೆ ಹೊಗೆಯಲ್ಲಿ ತೂಗುತ್ತಿರುತ್ತದೆ. ಹುಳ ಹಿಡಿಯಬಾರದಲ್ಲ! ನಾನು ಮಹಾ ಜಾಣೆ, ಕಾರ್ಡನ್ನೂ ಬಟ್ಟೆಯಲ್ಲಿ ಸುತ್ತಿ ಅವುಗಳ ಪಕ್ಕ ಕಟ್ಟಿದೆ. ಕೆಳಗೆ ಎರಡು ದಿನ ರೊಟ್ಟಿ ಬಡಿದೆ.

ಅವರು ಬಂದ ಮೇಲೆ ಕಾರ್ಡನ್ನು ತುಂಡು ಮಾಡಿ ಎಲೆಯಡಿಗೆ ಪಿನ್ನು ಹೊಡೆಯಲು ಇಬ್ಬರೂ ಹೋದೆವು. "ತಣ್ಣಗಿರೋ ಕಡೆ ಇಟ್ಟಿದ್ದಿ, ಹೌದಿಲ್ಲ? ಶಾಖ, ಹೊಗಿ ತಾಗಿದ್ರ ಒಳಗಾ ಸಾಯ್ತಾವಂತ" ಎಂದರು. ಅಯ್ಯೋ ಶಿವನೇ! "ಹೂಂ ರೀ" ಎಂದೆ.

ಆಮೇಲೆ ನನಗೆ ಅನ್ನ ಸೇರಲಿಲ್ಲ. ದಿನಾ ಬೆಳಿಗ್ಗೆ ಹೊಲಕ್ಕೆ ಓಡಿ ಎಲೆ ತಿರುವಿ ನೋಡುತ್ತಿದ್ದೆ. ಮೊಟ್ಟೆಗಳು ಹಾಗೇ ಇದ್ದವು, ಒಂದೂ ತೂತು ಬಿದ್ದಿರಲಿಲ್ಲ. ಒಣಗಿದ ಸುಳಿಗಳು ಮಾತ್ರ ಹೆಚ್ಚುತ್ತಿದ್ದವು. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ, ಇಲ್ಲಿ ಮಾಡಿದವಳು ನಾನು, ಉಣ್ಣುವವರು ಅವರು. "ಸೋಮವಾರ ಎತ್ತಿಗೂ ಬಿಡುವು, ನಮಗೂ ಬಿಡುವು. ಮಂಗಳವಾರ ಔಷಧಿ ಹೊಡಿ" ಎಂದು ಮಾವನವರು ಮಗನಿಗೆ ಹೇಳಿಬಿಟ್ಟರು.

ಸೋಮವಾರ ಬಳೆ ಇಡಿಸಿಕೊಳ್ಳುವ ನೆಪ ಹೇಳಿ ಶಿಕಾರಿಪುರದ ಬಸ್ಸು ಹತ್ತಿದೆ. ಆಫೀಸಿನವರಿಗೆ ನಡೆದದ್ದನ್ನೆಲ್ಲ ಒಪ್ಪಿಸಿದೆ. "ಏನ್ರೀ ಅಕ್ಕಾ, ಹುಳಾನ ಹುರಿದೇ ಬಿಟ್ರಲ್ರೀ!" ಎಂದು ನಕ್ಕರು. ನನಗೆ ಅಳು ಬಂತು. ಹೊಸ ಕಾರ್ಡು ಬರುವುದು ಗುರುವಾರವಂತೆ.

ಮನೆಗೆ ಬಂದರೆ ಅಂಗಳದಲ್ಲಿ ಎಜಮಾನರು ಪಂಪು ತೊಳೆಯುತ್ತಿದ್ದರು. ಮಾವನವರು ಕಟ್ಟೆಯ ಮೇಲೆ ಕೂತಿದ್ದರು. ಅವರೆದುರು ನಿಂತು ಮಾತಾಡಿದ್ದೇ ಇಲ್ಲ ನಾನು. ಅವತ್ತು ಹೋಗಿ ನಿಂತೆ.

"ಮಾವಾರ, ಆ ಕಾರ್ಡಿನ ಹುಳಾನ ಒಲಿ ಮ್ಯಾಲೆ ಕಟ್ಟಿ ನಾನಾ ಕೊಂದೀನಿ. ಗುರುವಾರ ಬ್ಯಾರೆ ಬರ್ತಾವು. ಅಲ್ಲೀತನಕ ತಡೀರಿ. ಡಾಕ್ಟ್ರು ಹೇಳಿದ್ದು ಬಿಸಿಲಲ್ಲ, ವಿಷ."

ಮಾವನವರು ಬಾಯಿ ತೆರೆಯುವ ಮೊದಲೇ ಎಜಮಾನರು ತಲೆ ಎತ್ತದೆ, "ನಂಗೊತ್ತಿತ್ತು ಬಿಡು. ಪಿನ್ ಹೊಡಿವಾಗ ಕಾರ್ಡು ಹೊಗಿ ವಾಸ್ನಿ ಹೊಡೀತಿತ್ತು" ಎಂದರು.

"ಮತ್ತ ಯಾಕ ಸುಮ್ನಿದ್ರಿ?"

"ಅಪ್ಪಗ ಗೊತ್ತಾದ್ರ ನಿನಗ ಬೈತಿದ್ದ. ಅದಕ್ಕ, ಔಷಧಿ ಹೊಡದ್ರಾತು ಅಂದ್ಕೊಂಡೆ."

ಮಾವನ ಎದುರೇ ಅವರ ಬೆನ್ನಿಗೆ ಗುದ್ದಿದೆ. ಒಂದಲ್ಲ, ಕೈ ಸೋಲುವ ತನಕ. ಹೊಸ ಬಳೆ ಇಲ್ಲದ ಕೈ. ಮಾವನವರು ಎದ್ದು ಬಂದು, ನಮ್ಮನ್ನು ನೋಡದವರ ಹಾಗೆ, ಪಂಪನ್ನು ಎತ್ತಿಕೊಂಡು ಒಳಗೆ ಹೋದರು.