ಬಾತುಕೋಳಿಯ ಮೇಲೆ ಸೋದರಮಾವ

ಮದುವೆಮನೆಗೆ ನಾನು ಹೋಗುವುದು ಊಟಕ್ಕಲ್ಲ. ಈ ಸಲ ಯಾರು ಮುನಿಸಿಕೊಂಡಿದ್ದಾರೆ ಎಂದು ನೋಡಲು ಹೋಗುತ್ತೇನೆ. ಇದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ. ಆದರೆ ರೇಷ್ಮೆ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತ ಹೆಂಗಸರ ಕಣ್ಣು ಮಂಟಪಕ್ಕಿಂತ ಬಾಗಿಲ ಬಳಿಯ ಕಂಬದ ಕಡೆಗೇ ಹೆಚ್ಚು ಹೋಗುವುದನ್ನು ನೀವೂ ಕಂಡಿರುತ್ತೀರಿ. ಆ ಕಂಬಕ್ಕೆ ಒರಗಿಕೊಂಡು, ಹೆಗಲ ಮೇಲಿನ ಟವೆಲನ್ನು ಮಡಿಸುತ್ತಾ ಬಿಚ್ಚುತ್ತಾ ಒಬ್ಬ ಹಿರಿಯರು ನಿಂತಿರುತ್ತಾರೆ. ಅವರು ತಿಂಡಿ ತಿಂದಿಲ್ಲ, ತಿನ್ನುವ ಹಾಗೂ ಕಾಣುವುದಿಲ್ಲ. ಅವರನ್ನು ಒಲಿಸಲು ಮನೆಮಂದಿಯೆಲ್ಲ ಸರದಿಯ ಮೇಲೆ ಹೋಗಿ ಬರುತ್ತಿರುತ್ತಾರೆ.

ಮಧುಗಿರಿ, ಶಿರಾ, ಕೊರಟಗೆರೆಯ ಕಡೆ ಮುನಿಸಿಗೆ ಒಂದು ಶಾಸ್ತ್ರವೇ ಉಂಟು. ಹಿಂದಿನ ಅರಮನೆಗಳಲ್ಲಿ ರಾಣಿಯರು ಮುನಿಸಿಕೊಂಡು ಮಲಗಲೆಂದೇ ಬೇರೆ ಕೋಣೆ ಕಟ್ಟಿಸುತ್ತಿದ್ದರಂತೆ. ನಮ್ಮ ಛತ್ರಗಳಲ್ಲಿ ಅಷ್ಟು ಅನುಕೂಲವಿಲ್ಲದ್ದರಿಂದ ಕಂಬದಲ್ಲೇ ಸುಧಾರಿಸಿಕೊಂಡಿದ್ದೇವೆ. ಮುನಿಸಿಕೊಂಡವರು ಎಲ್ಲರಿಗೂ ಕಾಣುವ ಜಾಗದಲ್ಲಿ ಎಲ್ಲರಿಗೂ ಬೆನ್ನು ಮಾಡಿ ನಿಲ್ಲಬೇಕು, ಇಲ್ಲ ಕೂರಬೇಕು. ಕಾರಣವನ್ನು ತಾವಾಗಿ ಹೇಳಬಾರದು, ಯಾರಾದರೂ ಕೇಳಿದರೆ ‘ಏನಿಲ್ಲ ಬುಡಿ’ ಎನ್ನಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ತಾವಾಗಿ ಎದ್ದು ಬರಬಾರದು, ಬಂದವರು ಕೈ ಹಿಡಿದೇ ಎಬ್ಬಿಸಬೇಕು. ಐ.ಡಿ.ಹಳ್ಳಿಯ ಒಂದು ಮದುವೆಯಲ್ಲಿ ಚಿತ್ರಾನ್ನಕ್ಕೆ ಕಡಲೆಕಾಯಿ ಬೀಜ ಹಾಕಿಲ್ಲವೆಂದು ಗಂಡಿನ ತಂದೆ ಮುನಿದರು. ಸುತ್ತಲೂ ಕಡಲೆಕಾಯಿ ಹೊಲವೇ ಇರುವಾಗ ಇದನ್ನು ಸಣ್ಣ ಮಾತು ಎನ್ನಲಾಗದು. ಮದಲೂರಿನ ನಮ್ಮ ನೆಂಟರೊಬ್ಬರು, ತಾವು ಮುನಿಸಿಕೊಂಡದ್ದನ್ನು ಯಾರೂ ಗಮನಿಸಲಿಲ್ಲವೆಂದು ಎರಡನೆಯ ಸಲ ಮುನಿಸಿಕೊಂಡರು. ಆ ಎರಡನೆಯದು ಈಗಲೂ ನಡೆಯುತ್ತಿದೆ.

ಇಂಥ ಹಳೆಯ ವಿದ್ಯೆಯೊಂದು ನೀರುಪಾಲಾಗುವುದನ್ನು ನಾನು ಹೋದ ವರ್ಷ ಕಣ್ಣಾರೆ ನೋಡಿದೆ. ನನ್ನ ಗಂಡನ ಅಣ್ಣ, ಅಂದರೆ ನಮ್ಮ ಭಾವ, ಮಗಳು ಚೈತ್ರಾಳ ಮದುವೆಯನ್ನು ಮಧುಗಿರಿಯ ಹೊರಗೆ, ಬೆಟ್ಟ ಎದುರಿಗೇ ಕಾಣುವ ಹೊಸ ಛತ್ರದಲ್ಲಿ ಇಟ್ಟುಕೊಂಡಿದ್ದರು. ಗಂಡಿನವರು ಪಾವಗಡದವರು. ಅವರ ಮನೆಯ ಹಿಂದಿನ ಮದುವೆಯಲ್ಲಿ ಹೊಗೆ ಕಾರುವ ಯಂತ್ರ ತರಿಸಿದ್ದರಂತೆ. ಹೊಗೆಗೆ ಉತ್ತರ ನೀರೇ ಎಂದು ಭಾವನಿಗೆ ಯಾರು ಹೇಳಿದರೋ. ಮದುವೆಯ ಉಸ್ತುವಾರಿ ವಹಿಸಿಕೊಂಡ ತುಮಕೂರಿನ ಹುಡುಗಿ, ‘ಮುಹೂರ್ತದ ತನಕ ಗೆಸ್ಟ್‌ಗಳಿಗೆ ಬೋರ್ ಆಗಬಾರದು ಸಾರ್, ವಾಟರ್ ಗೇಮ್ಸ್ ಇಡೋಣ’ ಅಂದಳು. ನಮ್ಮ ನೆಂಟರಿಗೆ ಮದುವೆಮನೆಯಲ್ಲಿ ಬೇಜಾರಾಗುತ್ತದೆ ಎನ್ನುವುದೇ ನನಗೆ ಹೊಸ ಸುದ್ದಿ. ಇಷ್ಟು ಕಾಲ ಅವರು ಬಂದವರ ಒಡವೆ ನೋಡಿಕೊಂಡು, ಬಾರದವರ ವಿಷಯ ಮಾತಾಡಿಕೊಂಡು ಸುಖವಾಗಿಯೇ ಇದ್ದರು.

ಅಂತೂ ಛತ್ರದ ಮುಂದಿನ ಬಯಲಿನಲ್ಲಿ ಗಾಳಿ ತುಂಬಿದ ನೀಲಿ ಗೋಡೆಗಳ ಒಂದು ಕೊಳ ಎದ್ದಿತು. ನಲ್ಲಿಯಲ್ಲಿ ನೀರು ಯಾವ ದಿನ ಬರುತ್ತದೆಂದು ಪಂಚಾಂಗ ನೋಡಿ ಹೇಳಬೇಕಾದ ಸೀಮೆಯಿದು. ಅಲ್ಲಿ ಟ್ಯಾಂಕರಿನ ಮೇಲೆ ಟ್ಯಾಂಕರು ಬಂದು ಮೊಣಕಾಲುದ್ದ ನೀರು ತುಂಬಿಸಿ ಹೋದವು. ಒಳಗೆ ಆಳು ಹೊಕ್ಕು ನೀರಿನ ಮೇಲೆ ಉರುಳುವ ಪಾರದರ್ಶಕ ಚೆಂಡುಗಳು, ಜಾರುಬಂಡೆ, ಸೋಫಾದಷ್ಟು ದೊಡ್ಡದಾದ ಒಂದು ಹಳದಿ ಬಾತುಕೋಳಿ ಎಲ್ಲ ಇದ್ದವು. ಎಲ್ಲವೂ ಗಾಳಿ ತುಂಬಿದವೇ. ಇವುಗಳ ಯಜಮಾನರು ಶಿರಾದ ಅಮ್ಜದ್ ಭಾಯಿ. ಅವರ ಮನೆಯವರು ತಂದೆಯ ಕಾಲದಿಂದ ನಮ್ಮ ಮದುವೆಗಳಿಗೆ ಶಾಮಿಯಾನ ಹಾಕಿದವರು. ‘ಇದೇನು ಭಾಯಿ, ಶಾಮಿಯಾನ ಬಿಟ್ಟು?’ ಎಂದು ಕೇಳಿದೆ. ‘ಏನ್ ಮಾಡೋದಮ್ಮ, ಛತ್ರ ಬಂದ್ಮೇಲೆ ನೆರಳು ಯಾರ್ಗೂ ಬ್ಯಾಡ. ಮಜಾ ಕೇಳ್ತಾರೆ, ಅದ್ನೇ ಬಾಡಿಗೆಗೆ ಕೊಡ್ತೀವಿ’ ಅಂದರು.

ಬೆಳಗಿನ ತಿಂಡಿ ಮುಗಿದದ್ದೇ ಜನವೆಲ್ಲ ಕೊಳಕ್ಕೆ ಮುಗಿಬಿದ್ದರು. ನಿಮ್ಮ ಮುಂದೆ ಮುಚ್ಚುಮರೆಯೇಕೆ, ನಾನೂ ಬಿದ್ದೆ. ಬೇಡ ಬೇಡ ಎನ್ನುತ್ತಲೇ ಸೆರಗು ಸಿಕ್ಕಿಸಿಕೊಂಡು ಒಂದು ಚೆಂಡಿನೊಳಕ್ಕೆ ತೂರಿದೆ. ಹೊರಗಿನಿಂದ ಜಿಪ್ ಎಳೆದರು. ಆಮೇಲೆ ನೋಡಿ, ಏಳುವುದು ಬೀಳುವುದಕ್ಕಾಗಿ, ಬೀಳುವುದು ಉರುಳುವುದಕ್ಕಾಗಿ ಎಂಬಂತಾಯಿತು. ಭರಣಿಯೊಳಗಿನ ಮಾವಿನಕಾಯಿ ಹೋಳಿಗೂ ನನಗಿಂತ ಹೆಚ್ಚು ಘನತೆಯಿರುತ್ತದೆ. ಹೊರಗೆ ನಿಂತ ಬಂಧುಬಳಗ ನನ್ನ ಮಾನವನ್ನು ಮೊಬೈಲಿನಲ್ಲಿ ಹಿಡಿದುಕೊಳ್ಳುತ್ತಿತ್ತು.

ಹೀಗೆ ತಲೆಕೆಳಗಾಗಿದ್ದಾಗಲೇ ಛತ್ರದ ಬಾಗಿಲಿಗೆ ಹೊಳವನಹಳ್ಳಿ ಹನುಮಂತರಾಯಪ್ಪನವರು ಬಂದು ಇಳಿದದ್ದು ಕಂಡಿತು. ಇವರು ಹುಡುಗಿಯ ತಾಯಿಯ, ಅಂದರೆ ನನ್ನ ವಾರಗಿತ್ತಿ ಜಯಕ್ಕನ ಅಣ್ಣ. ಹುಡುಗಿಗೆ ಸೋದರಮಾವ. ಹುಡುಗಿಯನ್ನು ಕೈ ಹಿಡಿದು ಹಸೆಮಣೆಗೆ ಕರೆತರಬೇಕಾದವರು ಅವರೇ. ತವರಿನಿಂದ ಬರಬೇಕಾದ ಬಾಸಿಂಗ, ಕಾಲುಂಗುರ ಎರಡೂ ಅವರ ಕೈಚೀಲದಲ್ಲಿದ್ದವು. ಅವರಿಲ್ಲದೆ ಧಾರೆಯಿಲ್ಲ. ಇಂಥವರು ಬಂದರೆ ಮನೆಯವರು ಎದುರು ಹೋಗಿ ಚೊಂಬಿನಲ್ಲಿ ಕಾಲಿಗೆ ನೀರು ಕೊಟ್ಟು ಒಳಗೆ ಕರೆಯುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಹನುಮಂತರಾಯಪ್ಪನವರು ಪದ್ಧತಿಯಂತೆ ಚಪ್ಪಲಿ ಕಳಚಿ, ಪಂಚೆಯನ್ನು ತುಸು ಮೇಲೆತ್ತಿಕೊಂಡು ನಿಂತರು.

ಬಾಗಿಲಲ್ಲಿ ಮನೆಯವರು ಯಾರೂ ಇರಲಿಲ್ಲ, ಬಾಡಿಗೆಯ ಇಬ್ಬರು ಹುಡುಗಿಯರಿದ್ದರು. ಒಬ್ಬಳು ನೀಲಿ ಬಣ್ಣದ ಶರಬತ್ತನ್ನು ಪುಟ್ಟ ಲೋಟದಲ್ಲಿ ಕೊಟ್ಟಳು. ಇನ್ನೊಬ್ಬಳು, ವಿಮೆ ಮಾಡಿಸಿದ ಕುರಿಯ ಕಿವಿಗೆ ಬಿಲ್ಲೆ ಚುಚ್ಚುವ ಹಾಗೆ, ಅವರ ಮಣಿಕಟ್ಟಿಗೆ ಹಸಿರು ಪಟ್ಟಿಯೊಂದನ್ನು ಅಂಟಿಸಿದಳು. ಅವರು ಬರಿಗಾಲಲ್ಲಿ ಹಾಗೇ ನಿಂತಿದ್ದರು. ಆ ಹುಡುಗಿ ಚಪ್ಪಲಿ ತೋರಿಸಿ, ಕೊಳದ ಕಡೆ ಕೈ ಮಾಡಿ ಏನೋ ಹೇಳಿದಳು. ‘ಅಂಕಲ್, ಚಪ್ಪಲಿ ಹಾಕ್ಕೊಳ್ಳಿ, ಗೇಮ್ಸ್ ಆ ಕಡೆ’ ಎಂದಳಂತೆ. ನಾನು ಚೆಂಡಿನೊಳಗಿನಿಂದ ‘ನೀರು, ನೀರು’ ಎಂದು ಕೂಗಿಕೊಂಡೆ. ನನಗೇ ಉಸಿರು ಕಟ್ಟಿತೆಂದು ತಿಳಿದು ಅಮ್ಜದ್ ಭಾಯಿ ಓಡಿಬಂದು ಜಿಪ್ ತೆಗೆಯುವಷ್ಟರಲ್ಲಿ ಕಾಲ ಮಿಂಚಿತ್ತು. ಸೋದರಮಾವನವರು ಕಂಬ ಹುಡುಕುತ್ತಾ ಹೊರಟಿದ್ದರು.

ಹೊಸ ಕಾಲದ ಛತ್ರದಲ್ಲಿ ಕಂಬಗಳೇ ಇರುವುದಿಲ್ಲ. ಕುರ್ಚಿಗಳನ್ನೆಲ್ಲ ಕೊಳದ ಸುತ್ತ ಒಯ್ದಿದ್ದರು, ಅವುಗಳಲ್ಲಿ ಜನ ತುಂಬಿದ್ದರು. ಎಲ್ಲರಿಗೂ ಕಾಣುವಂಥ ಜಾಗ ಒಂದೇ ಇತ್ತು. ಕೊಳದ ಅಂಚಿಗೆ ಸಮನಾಗಿ ಕಟ್ಟಿದ ಅಟ್ಟಣೆ, ಅದರ ಮೇಲೆ ಯಾರೂ ಹತ್ತದ ಹಳದಿ ಬಾತುಕೋಳಿ. ಅವರು ಗಂಭೀರವಾಗಿ ಮೆಟ್ಟಿಲೇರಿ, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಜನಕ್ಕೆ ಬೆನ್ನು ಮಾಡಿ ಬಾತುಕೋಳಿಯ ಮೇಲೆ ಕೂತರು. ಕೂತ ರಭಸಕ್ಕೆ ಅದು ಮೆಲ್ಲಗೆ ಜಾರಿ ನೀರಿಗೆ ಇಳಿದು ಕೊಳದ ನಟ್ಟನಡುವೆ ಹೋಗಿ ನಿಂತಿತು.

ಅವರು ಮಿಸುಕಲಿಲ್ಲ. ಇಳಿದರೆ ನೀರು ಮೊಣಕಾಲಿಗೆ ಬರುತ್ತಿತ್ತು, ಅಷ್ಟೇ. ಆದರೆ ತಾನಾಗಿ ಇಳಿದು ಬಂದ ಮುನಿಸಿಗೆ ಊರಲ್ಲಿ ಯಾವ ಬೆಲೆ? ಬಾತುಕೋಳಿ ಮಾತ್ರ ಶಾಸ್ತ್ರ ಓದಿದ್ದಲ್ಲ. ಅದು ಗಾಳಿ ಬಂದ ಕಡೆಗೆ ತಿರುಗುತ್ತಾ, ಜನಕ್ಕೆ ಬೆನ್ನು ಮಾಡಿ ಕೂತವರನ್ನು ಸಾವಕಾಶವಾಗಿ ಎಲ್ಲರ ಕಡೆಗೂ ಮುಖ ಮಾಡಿಸಿ ತೋರಿಸಿತು. ಅವರ ಹೆಂಡತಿ ಹಿಂದಿನ ದಿನವೇ ಬಂದಿದ್ದವರು, ಚೆಂಡೊಂದರೊಳಗೆ ಉರುಳುತ್ತಾ ಗಂಡನ ಪಕ್ಕದಲ್ಲೇ ಹಾದುಹೋದರು. ಕೈ ಮುಗಿದು ಏನೋ ಹೇಳಿದರು, ಕೇಳಿಸಲಿಲ್ಲ.

ಸುದ್ದಿ ಮುಟ್ಟಿ ಭಾವ ಓಡಿಬಂದರು. ಜರಿಪಂಚೆ ನೆನೆಯುತ್ತದೆಂದು ದಡದಲ್ಲೇ ನಿಂತರು.

‘ಹನುಮಂತಣ್ಣ, ತಪ್ಪಾಯ್ತು ಬುಡಿ. ಬನ್ನಿ, ತಿಂಡಿ ತಿನ್ನೋವ್ರಂತೆ.’

‘ಏನಿಲ್ಲ ಬುಡಿ. ನೀವು ಆಟ ಆಡ್ಕಳಿ’ ಎಂದು ಬಾತುಕೋಳಿಯ ಮೇಲಿನಿಂದ ಉತ್ತರ ಬಂತು.

ಕೈ ಹಿಡಿಯೋಣವೆಂದರೆ ಕೈಗೆ ಎಟುಕುವುದಿಲ್ಲ, ಕಾಲಿಗೆ ಬೀಳೋಣವೆಂದರೆ ಕಾಲು ತೇಲುತ್ತಿದೆ. ಅಮ್ಜದ್ ಭಾಯಿ ಕೊಕ್ಕೆ ಹಾಕಿ ಎಳೆಯಲೇ ಎಂದು ಕೇಳಿದರು. ಸೋದರಮಾವನನ್ನು ಕೊಕ್ಕೆ ಹಾಕಿ ಎಳೆದರೆಂಬ ಮಾತು ಹೊಳವನಹಳ್ಳಿ ಬಸ್‌ಸ್ಟಾಂಡಿನಲ್ಲಿ ಮೂರು ತಲೆಮಾರು ಉಳಿಯುತ್ತದೆಂದು ಭಾವ ಬೇಡವೆಂದರು. ‘ಹಂಗಾದ್ರೆ ಗಾಳಿ ಬುಡ್ಲಾ ಸಾಬ್? ನಿಧಾನಕ್ಕೆ ಕೂತ್ಕೊಂತದೆ’ ಎಂದರು ಭಾಯಿ. ಭಾವ ಆ ಮಾತನ್ನು ಒಂದು ಗಳಿಗೆ ಯೋಚಿಸಿದರೆಂದು ನನಗೆ ಈಗಲೂ ಗುಮಾನಿಯಿದೆ.

ಅಷ್ಟರಲ್ಲಿ ಇನ್ನೂ ಕೆಟ್ಟದ್ದು ನಡೆಯಿತು. ತುಮಕೂರಿನ ಹುಡುಗಿ ಮೈಕು ಹಿಡಿದು, ‘ನೋಡಿ ಫ್ರೆಂಡ್ಸ್, ವಧುವಿನ ಸೋದರಮಾವ ಎಷ್ಟು ಎಂಜಾಯ್ ಮಾಡ್ತಿದಾರೆ, ಜೋರಾಗಿ ಒಂದು ಚಪ್ಪಾಳೆ’ ಅಂದಳು. ಪಾವಗಡದವರು ಚಪ್ಪಾಳೆ ತಟ್ಟಿದರು, ಶಿಳ್ಳೆ ಹಾಕಿದರು. ಹನುಮಂತರಾಯಪ್ಪನವರ ಮುಖ ನೋಡಿದೆ. ನಗು ತಡೆದುಕೊಂಡು ನಿಂತಿದ್ದ ನನಗೆ ಆ ಮುಖ ನೋಡಿ ನಗು ಹೋಯಿತು. ಮನುಷ್ಯನ ಮಾತು ನಡೆಯದಿದ್ದರೆ ತಡೆದುಕೊಳ್ಳಬಹುದು, ಸಿಟ್ಟು ಕೂಡ ತಮಾಷೆಯೆನಿಸಿಕೊಂಡರೆ ಅವನಿಗೆ ಉಳಿಯುವುದೇನು? ಆತ ಕೇಳಿದ್ದು ಒಂದು ಚೊಂಬು ನೀರು. ಅದನ್ನು ಬಿಟ್ಟು ಊರಿನ ನೀರನ್ನೆಲ್ಲ ತಂದು ಅದರ ಮೇಲೆ ಆತನನ್ನು ತೇಲಿಸಿಟ್ಟು ಚಪ್ಪಾಳೆ ತಟ್ಟುತ್ತಿದ್ದೆವು. ನನಗೆ ನಿಜಕ್ಕೂ ನಾಚಿಕೆಯಾಯಿತು.

ಒಳಗೆ ಪುರೋಹಿತರು ಬಾಸಿಂಗ ಎಲ್ಲಿ ಎಂದು ಕೇಳಿದರು. ಕೊಳದಲ್ಲಿದೆ ಎಂದು ಯಾರೋ ಹೇಳಿದರು. ಮುಹೂರ್ತ ಹತ್ತಿರವಾಗುತ್ತಿತ್ತು. ಆಗಲೇ ಜಯಕ್ಕನಿಗೆ ವಿಷಯ ತಿಳಿದದ್ದು. ಅವಳು ಬೆಳಗಿನಿಂದ ಮಗಳ ಜಡೆ, ಹೂವು ಎಂದು ಕೋಣೆ ಬಿಟ್ಟು ಹೊರಬಂದಿರಲಿಲ್ಲ. ಯಾರನ್ನೂ ಏನೂ ಕೇಳದೆ ಅಡಿಗೆಮನೆಗೆ ಹೋಗಿ ಹಂಡೆಯಿಂದ ಒಂದು ಚೊಂಬು ನೀರು ತೆಗೆದುಕೊಂಡಳು. ಕೊಳದ ಬಳಿ ಕೈಪಟ್ಟಿ ಇಲ್ಲದವರಿಗೆ ಪ್ರವೇಶವಿಲ್ಲವೆಂದು ಬಾಡಿಗೆಯ ಹುಡುಗಿಯೊಬ್ಬಳು ಅಡ್ಡ ಬಂದಳು. ಜಯಕ್ಕ ಅವಳನ್ನು ಒಮ್ಮೆ ನೋಡಿದ್ದೇ ತಡ, ದಾರಿಯಾಯಿತು. ಧಾರೆಗೆಂದು ತೆಗೆದ ರೇಷ್ಮೆ ಸೀರೆಯಲ್ಲೇ ನೀರಿಗಿಳಿದು, ಚೊಂಬನ್ನು ಎತ್ತಿ ಹಿಡಿದುಕೊಂಡು, ಅಣ್ಣನ ಹತ್ತಿರ ಹೋದಳು.

‘ಅಣ್ಣಯ್ಯ, ಕಾಲು ಚಾಚು.’

‘ಸೀರೆ ನೆನೀತದೆ ಕಣಮ್ಮ. ಹೋಗು ನೀನು.’

‘ನೆನೀಲಿ.’

ಹನುಮಂತರಾಯಪ್ಪನವರು ಇಷ್ಟು ಹೊತ್ತು ಬಿಗಿಹಿಡಿದಿದ್ದ ಮಾತು ಆಗ ಹೊರಬಂತು. ‘ಬಾಗ್ಲಾಗೆ ಒಬ್ರೂ ಇರ್ಲಿಲ್ಲ ಕಣಮ್ಮ. ಕುರಿಗೆ ಕಟ್ದಂಗೆ ಕೈಗೆ ಕಟ್ಬುಟ್ರು.’

‘ನಾನಿಲ್ವಾ ಅಣ್ಣಯ್ಯ’ ಎಂದಳು ಜಯಕ್ಕ. ಎಂದು, ಒಂದು ಕಾಲಿಗೆ ನೀರು ಹಾಕಿ ಕೈಯಿಂದ ತೊಳೆದಳು. ನನ್ನ ಕಣ್ಣು ತುಂಬಿ ಬಂತು. ಪಕ್ಕದಲ್ಲಿ ಅಮ್ಜದ್ ಭಾಯಿ ಟೋಪಿ ಸರಿಮಾಡಿಕೊಂಡು ಬೇರೆ ಕಡೆ ನೋಡಿದರು. ಅಷ್ಟರಲ್ಲಿ ಫೋಟೋದವನು ಓಡಿಬಂದು, ‘ಮೇಡಂ, ಒಂದ್ನಿಮಿಷ, ಡ್ರೋನ್ ಬರ್ತಾ ಇದೆ, ಇನ್ನೊಂದ್ಸಲ ಹಾಕಿ’ ಅಂದ. ಜಯಕ್ಕ ಅವನ ಕಡೆ ತಿರುಗಲೂ ಇಲ್ಲ. ಉಳಿದ ನೀರನ್ನು ಅಣ್ಣನ ಇನ್ನೊಂದು ಕಾಲಿಗೆ ಹಾಕಿದಳು. ಆಮೇಲೆ ಕೈ ನೀಡಿದಳು, ಅವರು ಹಿಡಿದುಕೊಂಡು ನೀರಿಗಿಳಿದರು. ಈಗಷ್ಟೇ ತೊಳೆದ ಕಾಲು ಕೊಳದಲ್ಲಿ ಮುಳುಗಿತು, ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಒದ್ದೆ ಪಂಚೆಯಲ್ಲೇ ಅವರು ಚೈತ್ರಾಳನ್ನು ಹಸೆಗೆ ಕರೆತಂದರು, ಒದ್ದೆ ಸೀರೆಯಲ್ಲೇ ಜಯಕ್ಕ ಧಾರೆಗೆ ನಿಂತಳು. ಮುಹೂರ್ತ ತಪ್ಪಲಿಲ್ಲ.

ಊಟದ ಪಂಕ್ತಿಯಲ್ಲಿ ನನ್ನ ಪಕ್ಕಕ್ಕೆ ಗಂಡಿನ ದೊಡ್ಡಪ್ಪ ಕೂತಿದ್ದರು. ಒಳ್ಳೆಯ ಮನುಷ್ಯ, ತೆಲುಗು ಬೆರೆಸಿ ಮಾತಾಡುವವರು.

‘ಎಲ್ಲಾ ಆಟಾನೂ ಬಾಗುಂದಿ ಅಮ್ಮಾ. ಆದ್ರೆ ಆ ಚೊಂಬಿಂದು ಇತ್ತಲ್ಲ, ಅದು ಫಸ್ಟ್ ಕ್ಲಾಸು. ನಮ್ಮ ಮಗಳ ಮದುವೆಗೂ ಅದೊಂದು ಹೇಳ್ಬೇಕು. ಯಾರಿಗೆ ಕೇಳ್ಬೇಕು, ಆ ಸಾಯಿಬ್ರಿಗಾ?’

ತಮಾಷೆ ಮಾಡುತ್ತಿದ್ದಾರೇನೋ ಎಂದು ಮುಖ ನೋಡಿದೆ, ಇಲ್ಲ. ಅದು ಸಾಯಿಬರ ಹತ್ತಿರ ಸಿಗುವುದಿಲ್ಲ, ಅದಕ್ಕೆ ಮೊದಲು ಮನೆಯಲ್ಲಿ ಒಬ್ಬರು ಮುನಿಸಿಕೊಳ್ಳಬೇಕು ಎಂದೆ.

ಅವರು ಒಬ್ಬಟ್ಟು ಮುರಿಯುತ್ತಿದ್ದ ಕೈ ನಿಲ್ಲಿಸಿ ಯೋಚಿಸಿದರು. ‘ನಮ್ಮ ಕಡೆ ಯಾರೂ ಮುನಿಸ್ಕೊಳಲ್ಲಮ್ಮಾ. ಕರೆದ್ರೆ ಬರ್ತಾರೆ, ಉಣ್ತಾರೆ, ಹೋಗ್ತಾರೆ. ಮೊದ್ಲು ನಮ್ಮ ಬಾಮರ್ದಿ, ಹೆಂಡ್ತಿ ತಮ್ಮ, ಒಬ್ನು ಇದ್ದ. ಈಗ ಅವ್ನೂ ಏನೂ ಅನ್ನಲ್ಲ’ ಎಂದು, ಮುರಿದ ಒಬ್ಬಟ್ಟನ್ನು ಎಲೆಯ ಅಂಚಿಗೆ ಸರಿಸಿದರು.

ಅವರನ್ನು ನೋಡಿ ಪಾಪ ಎನಿಸಿತು. ಯಾರೂ ಮುನಿಸಿಕೊಳ್ಳದ ಮನೆಗೆ ನಮ್ಮ ಹುಡುಗಿಯನ್ನು ಕೊಟ್ಟೆವಲ್ಲ ಎಂದು ಎದೆ ಒಮ್ಮೆ ಝಲ್ಲೆಂದಿತು. ಎದ್ದು ಕೈತೊಳೆಯಲು ಹೋಗುವಾಗ ಚೈತ್ರಾ ಕಂಡಳು. ಗಂಡ ಯಾರ ಜೊತೆಗೋ ಸೆಲ್ಫಿ ತೆಗೆಸಿಕೊಳ್ಳುತ್ತಾ ಇವಳನ್ನು ಬಿಟ್ಟು ಮುಂದೆ ಹೋಗಿದ್ದ. ಅವಳು ಎಲ್ಲರಿಗೂ ಕಾಣುವ ಹಾಗೆ ಬಾಗಿಲ ಬಳಿ ನಿಂತು, ಗೋಡೆಯ ಕಡೆ ಮುಖ ಮಾಡಿದ್ದಳು. ಏನಾಯ್ತೇ ಎಂದು ಕೇಳಿದರೆ, ‘ಏನಿಲ್ಲ ಬುಡು ಚಿಕ್ಕಮ್ಮ’ ಅಂದಳು. ಹುಡುಗ ಪೆಚ್ಚುಮುಖ ಹಾಕಿಕೊಂಡು ಹಿಂದಕ್ಕೆ ಓಡಿಬರುತ್ತಿದ್ದ. ಆ ಮನೆ ಉದ್ಧಾರವಾಗುತ್ತದೆ ಎಂದು ನನಗೆ ಧೈರ್ಯ ಬಂತು.