ದೋಣಿಗೆ ನೀರು ತುಂಬಿದ ದಿನ

ನಾನು ಸುಳ್ಳು ಹೇಳುವ ಹೆಂಗಸಲ್ಲ. ಬಾಯಿ ಜೋರು ಎಂದು ಹೆಸರು ತೆಗೆದುಕೊಂಡಿದ್ದೇನೆ, ಅದು ಬೇರೆ ಮಾತು. ಆದರೆ ಒಂದು ಸಲ, ಮಾತಾಡಲೇಬೇಕಾದ ಕಡೆ ಬಾಯಿ ಮುಚ್ಚಿಕೊಂಡು ನಿಂತಿದ್ದೆ.

ಐವತ್ತರ ದಶಕದ ಕೊನೆ. ಜಯನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ನಾವು ಬಾಡಿಗೆಗಿದ್ದ ಮನೆಯ ಹಿಂದೆ ಮುಳ್ಳು ಬೇಲಿ, ಅದರಾಚೆ ರಾಗಿ ಹೊಲ. ನನ್ನ ಗಂಡ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಅದಕ್ಕೆ ಮುಂಚೆ, ಯುದ್ಧದ ಕಾಲದಲ್ಲಿ, ಮಿಲಿಟರಿಗೆ ಸೇರಿ ಬರ್ಮಾದ ನದಿಗಳಲ್ಲಿ ಮೋಟಾರು ದೋಣಿ ಓಡಿಸಿದ್ದವರು. ಆ ದಿನಗಳ ಬಗ್ಗೆ ಮನೆಯಲ್ಲಿ ಹೆಚ್ಚು ಹೇಳಿದವರಲ್ಲ. ದಿನವಿಡೀ ಒಂದೇ ಅಳತೆಯ ಕಬ್ಬಿಣದ ತುಂಡುಗಳಿಗೆ ಅರ ಹಾಕಿ ಉಜ್ಜುವುದು, ಸೈಕಲ್ಲಿನಲ್ಲಿ ಮನೆಗೆ ಬರುವುದು, ಊಟ ಮಾಡಿ ಸುಮ್ಮನೆ ಕೂರುವುದು, ಇಷ್ಟೇ. ಒಂದು ಗುಣ ಮಾತ್ರ ಅಕ್ಕಪಕ್ಕದ ಯಾವ ಗಂಡಸಿನಲ್ಲೂ ಇರಲಿಲ್ಲ. ಅಂಗಿಗೆ ಬಟ್ಟೆ ತರಬೇಕಾದರೂ ನನ್ನನ್ನು ಒಂದು ಮಾತು ಕೇಳಿಯೇ ತರುತ್ತಿದ್ದರು. ಅದರ ಜಂಬ ನನಗೆ ಸಾಕಷ್ಟಿತ್ತು.

ಒಂದು ಭಾನುವಾರ ಬನ್ನೇರುಘಟ್ಟ ರಸ್ತೆಯ ಬಂಗಲೆಯೊಂದಕ್ಕೆ ಬಾವಿಯ ಪಂಪು ರಿಪೇರಿ ಮಾಡಲು ಹೋದವರು ಬೇರೆಯೇ ಮನುಷ್ಯರಾಗಿ ವಾಪಸು ಬಂದರು. ಬಂಗಲೆಯ ದೊರೆ ತನ್ನ ದೇಶಕ್ಕೆ ಹೊರಟುಹೋಗಿದ್ದನಂತೆ. ಮಡಿವಾಳದ ಕೆರೆಯಲ್ಲಿ ಬಾತುಕೋಳಿ ಹೊಡೆಯಲು ಅವನು ಇಟ್ಟುಕೊಂಡಿದ್ದ ಮರದ ಮೋಟಾರು ದೋಣಿ ಶೆಡ್ಡಿನಲ್ಲೇ ಬಿದ್ದಿದೆಯಂತೆ. ಯಾರಾದರೂ ಕೊಂಡರೆ ಕೊಟ್ಟುಬಿಡು ಎಂದು ಕಾವಲುಗಾರನಿಗೆ ಹೇಳಿಹೋಗಿದ್ದಾನಂತೆ. ಅಂದು ಊಟದುದ್ದಕ್ಕೂ ಅವರು ಮಾತಾಡಿದರು. ಭಾನುವಾರ ಕೆರೆಯ ಹತ್ತಿರ ಗಾಳಿ ಸೇವನೆಗೆ ಬರುವ ಸಂಸಾರಗಳನ್ನು ಕೂರಿಸಿಕೊಂಡು ಒಂದೊಂದು ಸುತ್ತು ಹಾಕಿಸಬೇಕು ಎಂಬುದು ಅವರ ಆಸೆ. ಹದಿಮೂರು ವರ್ಷದ ಸಂಸಾರದಲ್ಲಿ ಅಷ್ಟು ಮಾತನ್ನು ನಾನು ಅವರ ಬಾಯಿಂದ ಕೇಳಿರಲಿಲ್ಲ.

"ನೀನೂ ಒಂದ್ಸಲ ಬಂದು ನೋಡು. ನೀನು ಬೇಡ ಅಂದ್ರೆ ಬಿಟ್ಟುಬಿಡ್ತೀನಿ" ಎಂದರು.

ಸುದ್ದಿ ಬೀದಿಗೆ ಹೇಗೆ ಹೋಯಿತೋ ಕಾಣೆ. ಮರುದಿನ ನಲ್ಲಿಯ ಹತ್ತಿರ ಪಕ್ಕದ ಮನೆಯಾಕೆ, "ಕುಡಿಯೋಕೇ ನೀರು ಬರಲ್ಲ, ನಿಮ್ಮನೆಯವ್ರು ದೋಣಿ ತರ್ತಾರಂತೆ. ಎಲ್ಲಿ ತೇಲಿಸ್ತಾರೆ, ಹಂಡೇಲಾ?" ಎಂದಳು. ಸಾಲಿನಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಒಳಗೆ ಮೈಯೆಲ್ಲ ಉರಿಯುತ್ತಿತ್ತು. ಅದರ ಜೊತೆಗೆ ನೀರಿನ ಭಯ ಬೇರೆ. ಜರಗನಹಳ್ಳಿಯಲ್ಲಿ ಕೆರೆಯ ಪಕ್ಕದಲ್ಲೇ ಹುಟ್ಟಿ ಬೆಳೆದರೂ ಮೊಣಕಾಲು ಮುಳುಗುವಷ್ಟು ನೀರಿಗೆ ನಾನು ಇಳಿದವಳಲ್ಲ. ಇವರು ನಡುಕೆರೆಯಲ್ಲಿ ಮುಳುಗಿದ ಹಾಗೆ ಹಗಲಿನಲ್ಲೇ ಯೋಚನೆ ಬರುತ್ತಿತ್ತು.

ಮುಂದಿನ ಭಾನುವಾರ ಸೈಕಲ್ಲಿನ ಹಿಂದೆ ಕೂತು ಹೋದೆ. ಶೆಡ್ಡಿನ ಮುಂದೆ ಎರಡು ದಿಮ್ಮಿಗಳ ಮೇಲೆ ದೋಣಿಯನ್ನು ಎಳೆದಿಟ್ಟಿದ್ದರು. ಹಸಿರು ಬಣ್ಣ ಚಕ್ಕೆಯೆದ್ದಿತ್ತು. ಇವರು ಎಂಜಿನ್ನಿನ ಮುಂದೆ ಮಂಡಿಯೂರಿ, ಏನೇನೋ ಬಿಚ್ಚಿ ಒರೆಸಿ, ಪೆಟ್ರೋಲು ಹಾಕಿ ಹಗ್ಗ ಎಳೆದರು. ಮೂರನೆಯ ಸಲಕ್ಕೆ ಅದು ಗುಡುಗಿಕೊಂಡು ಎದ್ದಿತು. ಆಗ ಅವರ ಮುಖ ನೋಡಬೇಕಿತ್ತು. ನನ್ನ ಕಡೆ ತಿರುಗಿ ನಕ್ಕರು. ಆ ನಗುವನ್ನು ಕಂಡೇ ನನಗೆ ಹೆದರಿಕೆಯಾಯಿತು, ಇನ್ನು ಇವರನ್ನು ತಡೆಯಲು ಸಾಧ್ಯವಿಲ್ಲ ಎನ್ನಿಸಿತು.

"ಎಂಜಿನ್ ಸರಿ. ಮರ ಗಟ್ಟಿಯಿದೆಯಾ ನೋಡೋದು ಬೇಡ್ವಾ? ಹೊಸ ಗಡಿಗೆಗೆ ತುಂಬಿ ನೋಡ್ತೀವಲ್ಲ, ಹಾಗೆ ಇದಕ್ಕೂ ನೀರು ತುಂಬಿ ನೋಡೋಣ" ಎಂದೆ.

ಹಾಗೆ ಹೇಳುವಾಗ ನನ್ನ ಮನಸ್ಸಿನಲ್ಲಿ ಕಪಟವಿತ್ತೇ? ಇಂದಿಗೂ ಸರಿಯಾಗಿ ಹೇಳಲಾರೆ. ಅವರು ಒಪ್ಪಿದರು. ಕಾವಲುಗಾರ ಬಾವಿಯಿಂದ ಸೇದಿಕೊಟ್ಟ, ನಾವಿಬ್ಬರೂ ಹೊತ್ತು ಸುರಿದೆವು. ದೋಣಿ ಕಾಲುಭಾಗ ತುಂಬುವ ಮೊದಲೇ ಹಲಗೆಗಳ ಸಂದುಗಳಿಂದ ನೀರು ಸೋರತೊಡಗಿತು. ಸ್ವಲ್ಪ ಹೊತ್ತಿಗೆ ಎಲ್ಲ ಸಂದುಗಳೂ ಸೋರಿದವು.

"ನಾಲ್ಕೈದು ವರ್ಷದಿಂದ ಒಣಗ್ತಾ ಬಿದ್ದಿದೆ ಸ್ವಾಮಿ" ಎಂದ ಕಾವಲುಗಾರ.

ಇವರು ಒದ್ದೆ ಹಲಗೆಗಳನ್ನು ಒಂದೊಂದಾಗಿ ಬೆರಳಿನಿಂದ ಒತ್ತಿ ನೋಡಿದರು. ಬರ್ಮಾದಲ್ಲಿ ಅವರು ಓಡಿಸಿದವೆಲ್ಲ ಕಬ್ಬಿಣದ ದೋಣಿಗಳು. ಮರದ ಸಂಗತಿ ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ನಾನು ಎತ್ತಿನ ಗಾಡಿ ಮಾಡುವ ಬಡಗಿಗಳ ಮನೆಯ ಮಗಳು. ಬೇಸಿಗೆಯಲ್ಲಿ ಗಾಡಿಯ ಚಕ್ರ ಒಣಗಿ ಸಂದು ಬಿಟ್ಟುಕೊಂಡರೆ ಅಪ್ಪ ಅದನ್ನು ಕೆರೆಯಲ್ಲಿ ಮುಳುಗಿಸಿಡುತ್ತಿದ್ದರು. ನಾಲ್ಕು ದಿನದಲ್ಲಿ ಮರ ಊದಿ ಸಂದೆಲ್ಲ ಮುಚ್ಚಿಕೊಂಡು, ಕಬ್ಬಿಣದ ಪಟ್ಟಿ ಮತ್ತೆ ಬಿಗಿಯಾಗಿ ಕೂರುತ್ತಿತ್ತು. ಈ ದೋಣಿಗೂ ಬೇಕಾಗಿದ್ದದ್ದು ನಾಲ್ಕು ದಿನದ ನೀರು, ಅಷ್ಟೇ.

"ಮರ ಹೋಗಿದೆ. ನೀನೇನಂತೀಯ?" ಎಂದು ಕೇಳಿದರು.

"ನೀವೇ ನೋಡಿದ್ರಲ್ಲ" ಎಂದೆ.

ಅದು ಸುಳ್ಳಲ್ಲ. ಸುಳ್ಳಾಗದ ಹಾಗೆ ಎಷ್ಟು ಜಾಣತನದಿಂದ ಹೇಳಿದೆ ಎಂದು ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ. ಅವರು ಎಂಜಿನ್ನಿಗೆ ಗೋಣಿ ಹೊದಿಸಿ, ಕೈ ತೊಳೆದುಕೊಂಡು ಸೈಕಲ್ ಹತ್ತಿದರು. ಕೆಲವು ತಿಂಗಳ ಮೇಲೆ, ತರಕಾರಿ ತೋಟದವರು ಯಾರೋ ಎಂಜಿನ್ ಬಿಚ್ಚಿಕೊಂಡು ಹೋದರೆಂದೂ ಹಲಗೆಗಳು ಬೇಕರಿಯ ಒಲೆಗೆ ಹೋದವೆಂದೂ ತಿಳಿಯಿತು.

ಮರುವರ್ಷದ ಬೇಸಿಗೆಯಲ್ಲಿ ಇಬ್ಬರೂ ಜರಗನಹಳ್ಳಿಗೆ ಹೋಗಿದ್ದೆವು. ಅಪ್ಪ ಒಂದು ಬೆಳಿಗ್ಗೆ ಚಕ್ರಗಳನ್ನು ಕೆರೆಗೆ ಉರುಳಿಸಿಕೊಂಡು ಹೊರಟಾಗ ಇವರೂ ಕೈಜೋಡಿಸಿದರು. ನಾನು ಮಜ್ಜಿಗೆ ತೆಗೆದುಕೊಂಡು ಹಿಂದೆಯೇ ಹೋಗಿದ್ದೆ.

"ಇದನ್ಯಾಕೆ ಮಾವ ನೀರಿಗೆ ಹಾಕೋದು?" ಎಂದು ಇವರು ಕೇಳಿದರು.

"ಒಣಗಿದ ಮರ ಬಾಯಿ ಬಿಡ್ತದೆ ಅಳಿಯಂದ್ರೇ. ನಾಕು ದಿನ ನೆಂದ್ರೆ ತಾನೇ ಮುಚ್ಕೊಳ್ತದೆ. ಯಾಕೆ, ನಮ್ಮ ಹುಡುಗಿ ಹೇಳ್ಲಿಲ್ವಾ? ಚಿಕ್ಕೋಳಾಗಿದ್ದಾಗ ಇವ್ಳೇ ಉರುಳಿಸ್ಕೊಂಡು ಬರ್ತಿದ್ಳು" ಎಂದರು ಅಪ್ಪ.

ಇವರು ದಂಡೆಯ ಮೇಲಿದ್ದ ನನ್ನನ್ನು ನೋಡಿದರು. "ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು" ಎಂದೆ.

ಅವರು ಬಗ್ಗಿ ಎರಡನೆಯ ಚಕ್ರವನ್ನು ನೀರಿಗೆ ಉರುಳಿಸಿದರು. ಬೈದಿದ್ದರೆ ಉತ್ತರ ಕೊಡಲು ನನಗೆ ಬೇಕಾದಷ್ಟು ಬಾಯಿತ್ತು. ಭಯವಾಯಿತು ಅನ್ನುತ್ತಿದ್ದೆ, ಜನ ನಗುತ್ತಿದ್ದರು ಅನ್ನುತ್ತಿದ್ದೆ, ಅತ್ತುಬಿಡುತ್ತಿದ್ದೆ. ಅವರು ಅವಕಾಶವನ್ನೇ ಕೊಡಲಿಲ್ಲ. ಮಜ್ಜಿಗೆ ಕುಡಿದು ಲೋಟ ಕೊಟ್ಟರು.

ಆಮೇಲೂ ಅವರು ನನ್ನನ್ನು ಚೆನ್ನಾಗಿಯೇ ನೋಡಿಕೊಂಡರು. ಕಾಯಿಲೆಯಾದಾಗ ಗಂಜಿ ಕಾಯಿಸಿ ಕೊಟ್ಟರು, ಹಬ್ಬಕ್ಕೆ ನನಗೊಪ್ಪುವ ಬಣ್ಣದ ಸೀರೆಯನ್ನೇ ತಂದರು. ಒಂದೆರಡು ವರ್ಷದ ನಂತರ, ಒಂದು ಸಂಜೆ ಕೆಲಸದಿಂದ ಬಂದವರು ನನ್ನ ಕೈಗೆ ಕಾಗದದ ಕಟ್ಟೊಂದನ್ನು ಕೊಟ್ಟು, "ಬನಶಂಕರಿ ಕಡೆ ಒಂದು ಸೈಟು ತಗೊಂಡಿದೀನಿ. ಇವತ್ತು ರಿಜಿಸ್ಟರ್ ಆಯ್ತು, ಟ್ರಂಕಲ್ಲಿಡು" ಎಂದರು. ಅಲ್ಲಿಯವರೆಗೆ ನನಗೆ ಅದರ ಸುಳಿವೇ ಇರಲಿಲ್ಲ. ಆ ಸೈಟಿನಲ್ಲಿ ಕಟ್ಟಿದ ಮನೆಯಲ್ಲೇ ಅವರು ತೀರಿಕೊಂಡರು, ಅಲ್ಲೇ ನಾನು ಈಗಲೂ ಇದ್ದೇನೆ. ಒಳ್ಳೆಯ ಜಾಗ, ಪೂರ್ವಕ್ಕೆ ಬಾಗಿಲು, ಬಾವಿಯಲ್ಲಿ ಸಿಹಿ ನೀರು. ಕೇಳಿದ್ದರೆ ನಾನೂ ಹೂಂ ಎನ್ನುತ್ತಿದ್ದೆ.