ಮೂರರ ಪಕ್ಕ ಒಂದು ಐದು

ಪೇಪರಿನಲ್ಲಿ ಶಾಲೆಗಳ ‘ನೂರಕ್ಕೆ ನೂರು ಫಲಿತಾಂಶ’ದ ಜಾಹೀರಾತು ಕಂಡರೆ ಈ ವಯಸ್ಸಿನಲ್ಲೂ ನನಗೆ ಓಕರಿಕೆ ಬರುತ್ತದೆ. ಸಿಟ್ಟಲ್ಲ, ಪ್ಲೇನ್ ಡಿಸ್ಗಸ್ಟ್.

ತೊಂಬತ್ತರ ದಶಕದಲ್ಲಿ ಮುದ್ದೇಬಿಹಾಳದಿಂದ ದಿನಾ ಬಸ್ಸು ಹಿಡಿದು ಒಂದು ಹಳ್ಳಿಗೆ ಹೋಗಿ ಇಂಗ್ಲಿಷ್ ಕಲಿಸುತ್ತಿದ್ದೆ. ಅಲ್ಲಿ ಶಾಲೆ ಇದ್ದದ್ದು ಏಳನೆಯ ತರಗತಿಯವರೆಗೆ ಮಾತ್ರ. ಏಳನೆಯದರಲ್ಲಿ ಒಬ್ಬ ಹುಡುಗಿಗೆ ಕನ್ನಡ ಓದಲೂ ಬರುತ್ತಿರಲಿಲ್ಲ. ಬೇರೆಯವರು ಓದಿದ್ದನ್ನು ಕೇಳಿ ಬಾಯಿಪಾಠ ಒಪ್ಪಿಸುತ್ತಿದ್ದಳು, ಪಾಪ. ಅಷ್ಟಕ್ಕೇ ವರ್ಷ ವರ್ಷ ಮುಂದೆ ದಾಟಿಸಿದ್ದರು.

ಪರೀಕ್ಷೆಗೆ ಮುಂಚೆ ಅವಳ ತಾಯಿ ಬಂದಳು. ಹೊಲದಿಂದ ನೇರ ಬಂದವಳು, ಮೇವಿನ ಹೊರೆಯನ್ನು ಗೋಡೆಗೆ ಆನಿಸಿ ನಿಂತಳು.

“ಅಕ್ಕಾರ, ನನ್ನ ಮಗಳ್ನ ನಪಾಸ್ ಮಾಡ್ರಿ.”

“ಏನಂದಿ?”

“ಪಾಸಾದ್ರ ಸಾಲಿ ಮುಗೀತು ಅಂತಾನ್ರಿ ಅವರಪ್ಪ. ಬಾಗೇವಾಡಿ ಕಡೆ ವರ ನೋಡ್ಯಾನ. ನಪಾಸಾದ್ರ ಇನ್ನೊಂದ್ ವರ್ಷ ಇಲ್ಲೇ ಕುಂದರ್ತಾಳ. ಅಷ್ಟರಾಗ ನೀವು ಓದಾಕ ಕಲಿಸ್ರಿ.”

ನಾನು ಓದಿದ ಕಾನ್ವೆಂಟಿನಲ್ಲಿ ಗೆಳತಿಯೊಬ್ಬಳನ್ನು ಸಿಸ್ಟರ್ ನಪಾಸು ಮಾಡಿ ಅದೇ ತರಗತಿಯಲ್ಲಿ ಉಳಿಸಿದ್ದರು. ಅವಳು ತಿಂಗಳುಗಟ್ಟಲೆ ಅತ್ತಿದ್ದಳು, ನಿಜ. ಆದರೆ ದಿನಾ ಸಂಜೆ ಸಿಸ್ಟರ್ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸುತ್ತಿದ್ದರು. ಆ ಪೇಶನ್ಸ್ ನಾನು ಮರೆತಿಲ್ಲ. ಸುಮ್ಮನೆ ನಪಾಸು ಮಾಡಿ ಕೈತೊಳೆದುಕೊಳ್ಳುವುದೂ ನನಗೆ ಹೇಸಿಗೆಯೇ. ನಾನು ಹಾಗೆ ಕೂರಿಸಿಕೊಂಡು ಓದಿಸಲು ಸಿದ್ಧಳಾಗಿದ್ದೆ. ಒಂದು ವರ್ಷ ಬೇಕಿತ್ತು.

ಹೆಡ್‌ಮಾಸ್ತರರಿಗೆ ಹೇಳಿದೆ.

“ಸರ್, ಆಕೀಗೆ ತನ್ನ ಊರ ಹೆಸರು ಓದಾಕ ಬರೂದಿಲ್ರಿ.”

“ಹುಟ್ಟಿದ ಊರಲ್ಲೇನ್ರಿ ಮೇಡಂ, ಓದದಿದ್ರೂ ಗೊತ್ತಿರ್ತೈತಿ!” ಎಂದರು. ಸ್ಟಾಫ್‌ರೂಮ್ ಪೂರ್ತಿ ನಕ್ಕಿತು. “ಇದು ನಿಮ್ಮ ಕಾನ್ವೆಂಟ್ ಅಲ್ರಿ. ರಿಜಲ್ಟ್ ಕಡಿಮಿ ಬಂದ್ರ ಸಾಹೇಬ್ರಿಗೆ ಉತ್ತರ ನಾ ಕೊಡಬೇಕು.”

ಇಂಗ್ಲಿಷ್ ಪೇಪರಿಗೆ ನಾನು ಕೊಟ್ಟ ಅಂಕ ಮೂರು. ಅವರು ಎಲೆ ಅಡಿಕೆ ಮೆಲ್ಲುತ್ತಲೇ ಅದರ ಪಕ್ಕ ಒಂದು ಐದು ಬರೆದರು. ಮೂವತ್ತೈದು, ಪಾಸು. “ನೋಡ್ರಿ, ನಿಮ್ಮ ಮೂರು ಹಂಗ ಐತಿ,” ಎಂದು ಕಣ್ಣು ಮಿಟುಕಿಸಿದರು. ಅವರ ಬೆರಳಿನ ಸುಣ್ಣ ಪೇಪರಿಗೂ ಹತ್ತಿತ್ತು. ನಾನು ಕೂಗಾಡಿದೆ. ಸಹಿ ಹಾಕಲಿಲ್ಲ. ಅವರೇ ಹಾಕಿಕೊಂಡರು.

ರಿಜಲ್ಟಿನ ದಿನ ಹುಡುಗಿಯ ತಂದೆ ಶಾಲೆಯಲ್ಲೆಲ್ಲ ಸಕ್ಕರೆ ಹಂಚಿದ. ಹೆಡ್‌ಮಾಸ್ತರರು ಅವನ ಬೆನ್ನು ತಟ್ಟಿ, “ನೂರಕ್ಕ ನೂರು!” ಎಂದರು. ಹುಡುಗಿ ಓಡಿ ಬಂದು ನನ್ನ ಅಂಗೈಗೂ ಸಕ್ಕರೆ ಸುರಿದಳು. ಖುಷಿಯಿಂದ ಮುಖ ಕೆಂಪಾಗಿತ್ತು. ಆಮೇಲೆ ಮೆಲ್ಲಗೆ ಕೇಳಿದಳು:

“ಅಕ್ಕಾರ, ನಾ ಖರೇನ ಪಾಸಾಗೇನೇನ್ರಿ? ನಾ ಹೆಚ್ಚೇನೂ ಬರದಿದ್ದಿಲ್ಲಲ್ರಿ?”

ನಾನು ಬಾಯಿ ತೆರೆಯುವಷ್ಟರಲ್ಲಿ ತಂದೆ ಕರೆದ. ಜಿಗಿಯುತ್ತ ಹೋದಳು.

ತಾಯಿ ಗೇಟಿನ ಹೊರಗೆ ನಿಂತಿದ್ದಳು, ಒಳಗೆ ಬರಲಿಲ್ಲ. ನಾನೇ ಹೋದೆ.

“ಒಂದ ವರ್ಷ ಬೇಡಿದ್ನೆಲ್ರಿ ಅಕ್ಕಾರ,” ಎಂದಳು. ಸೆರಗು ಹೊದ್ದುಕೊಂಡು ಗಂಡನ ಹಿಂದೆ ನಡೆದಳು.

ಬಿಸಿಲಿಗೆ ಬೆವರಿದ ಅಂಗೈಯಲ್ಲಿ ಸಕ್ಕರೆ ಕರಗಿ ಅಂಟಾಗಿತ್ತು. ನೀರಿನ ಟಾಕಿಗೆ ಹೋಗಿ ತೊಳೆದುಕೊಂಡೆ. ಬಸ್ಸಿನಲ್ಲಿ ಮುದ್ದೇಬಿಹಾಳದವರೆಗೂ ಬೆರಳು ಬೆರಳಿಗೆ ಅಂಟುತ್ತಲೇ ಇತ್ತು.